ಸಂಖ್ಯೆಯೊಂದರ ಜಾತಕ ಬರೆಯುವುದು ಹೇಗೆ? 560001ನ್ನು ಬಿಡಿಸಿ ನೋಡೋಣ

ಲಕೋಟೆಯ ಮೇಲೆ ವಿಳಾಸ ಬರೆದು ಮುಗಿಸುವಾಗ ಕೊನೆಗೆ ಆರು ಅಂಕಿ ಗೀಚುತ್ತೇವಲ್ಲ, ಅದನ್ನು ಯಾರೂ ಸಂಖ್ಯೆಯೆಂದು ನೋಡುವುದಿಲ್ಲ. ನೋಡಬೇಕಾಗಿಯೂ ಇಲ್ಲ ಅನ್ನಿ. 1972ರ ಆಗಸ್ಟ್ 15ರಂದು ಜಾರಿಗೆ ಬಂದ ಪಿನ್‌ಕೋಡ್ ನಿಜಕ್ಕೂ ಒಂದು ಹೆಸರು. ಮೊದಲ ಅಂಕಿ ವಲಯದ್ದು, ಕೊನೆಯ ಮೂರು ಬಟವಾಡೆ ಮಾಡುವ ಅಂಚೆ ಕಚೇರಿಯದು. ಎರಡು ಪಿನ್‌ಕೋಡ್ ಕೂಡಿಸಿದರೆ ಯಾವ ಊರೂ ಸಿಗದು. ಆದರೂ ಪೋಸ್ಟಾಫೀಸಿನ ಕ್ಯೂನಲ್ಲಿ ನಿಂತು ಗೋಡೆಯ ಮೇಲಿನ ಆರಂಕಿಯನ್ನು ಮನಸ್ಸಿನಲ್ಲೇ 7ರಿಂದ, 13ರಿಂದ ಭಾಗಿಸುವುದು ನನ್ನ ಹಳೆಯ ಚಟ. ಲಕ್ಷ ದಾಟಿದ ಪೂರ್ಣ ಸಂಖ್ಯೆಯೊಂದರ ಗುಣಗಳನ್ನು ಕೈಯಾರೆ ಹುಡುಕಿ, ಅದು ಯಾವ ಯಾವ ಗುಂಪಿಗೆ ಸೇರುತ್ತದೆಂದು ಹೇಳುವುದು ಹೇಗೆಂದು ಇಲ್ಲಿ ತೋರಿಸುತ್ತೇನೆ. ಮಾದರಿಗೆ ಬೆಂಗಳೂರು ಜಿಪಿಒದ 560001. ಒಂದು ಹಾಳೆ, ಒಂದು ಪೆನ್ನು ಸಾಕು. ಕ್ಯಾಲ್ಕುಲೇಟರ್ ಪಕ್ಕದಲ್ಲಿರಲಿ, ಮೊದಲೇ ಮುಟ್ಟಬೇಡಿ.

ಶುರು ಮಾಡುವ ಮುನ್ನ ಒಂದು ಮಾತು. ಸಂಖ್ಯೆಯ ಗುಣಗಳಲ್ಲಿ ಎರಡು ಬಗೆ. ಕೆಲವು ಸಂಖ್ಯೆಯದೇ ಸ್ವಂತ: ಅದನ್ನು ಕನ್ನಡ ಅಂಕಿಯಲ್ಲಿ ಬರೆಯಿರಿ, ರೋಮನ್ನಿನಲ್ಲಿ ಬರೆಯಿರಿ, ಹುಣಸೆಬೀಜ ಎಣಿಸಿಡಿ, ಬದಲಾಗವು. ಇನ್ನು ಕೆಲವು, ನಾವು ಹತ್ತರ ಲೆಕ್ಕದಲ್ಲಿ ಬರೆಯುತ್ತೇವೆಂಬ ಕಾರಣಕ್ಕೆ ಮಾತ್ರ ಹುಟ್ಟಿದವು. ಅಂತರ್ಜಾಲದಲ್ಲಿ ಸಿಗುವ ‘ಸಂಖ್ಯೆಯ ವಿಶೇಷಗಳು’ ಪಟ್ಟಿಗಳು ಇವೆರಡನ್ನೂ ಕಲಸುಮೇಲೋಗರ ಮಾಡಿ ಬಡಿಸುತ್ತವೆ. ನಾವು ಬೇರೆ ಬೇರೆ ಇಡೋಣ.

ಹಂತ 1: ಬಿಡಿಸ್ಥಾನ ಮತ್ತು ಅಂಕಿಗಳ ಮೊತ್ತ

ಐದು ಲಕ್ಷದ ಅರವತ್ತು ಸಾವಿರದ ಒಂದು. ಬಿಡಿಸ್ಥಾನದಲ್ಲಿ 1 ಇರುವುದರಿಂದ ಬೆಸ. 2 ಹೋಯಿತು, 5 ಹೋಯಿತು. ಅಂಕಿಗಳ ಮೊತ್ತ 5+6+1 = 12. 12ನ್ನು 3 ಭಾಗಿಸುತ್ತದೆ, 9 ಭಾಗಿಸುವುದಿಲ್ಲ. ಹಾಗಾಗಿ ನಮ್ಮ ಸಂಖ್ಯೆಯೊಳಗೆ ಒಂದೇ ಒಂದು 3 ಇದೆ, ಎರಡಿಲ್ಲ. ಈ ‘ಎರಡಿಲ್ಲ’ ಎಂಬುದನ್ನು ಗುರುತು ಹಾಕಿಕೊಳ್ಳಿ, ಮುಂದೆ ದೊಡ್ಡ ಕೆಲಸಕ್ಕೆ ಬರುತ್ತದೆ.

560001 ÷ 3 = 186667. ಇದರ ಅಂಕಿ ಮೊತ್ತ 34, ಮತ್ತೆ 3 ಇಲ್ಲ. ಸರಿಯಾಗಿದೆ.

ಹಂತ 2: 7, 11, 13 ಮೂರಕ್ಕೂ ಒಂದೇ ಏಟು

ಶಾಲೆಯಲ್ಲಿ 7ಕ್ಕೊಂದು ನಿಯಮ, 11ಕ್ಕೊಂದು ನಿಯಮ ಬಾಯಿಪಾಠ ಮಾಡಿಸುತ್ತಾರೆ. ಅದಕ್ಕಿಂತ ಹಗುರವಾದ ದಾರಿಯೊಂದಿದೆ. 7 × 11 × 13 = 1001. ಸಾವಿರ ಎಂದರೆ 1001ಕ್ಕೆ ಒಂದು ಕಡಿಮೆ. ಹಾಗಾಗಿ ಸಂಖ್ಯೆಯನ್ನು ಬಲಗಡೆಯಿಂದ ಮೂರು ಮೂರು ಅಂಕಿಯಾಗಿ ತುಂಡು ಮಾಡಿ, ಒಂದನ್ನು ಕೂಡುತ್ತಾ ಮುಂದಿನದನ್ನು ಕಳೆಯುತ್ತಾ ಹೋದರೆ ಉಳಿಯುವುದು ಈ ಮೂರೂ ಭಾಜಕಗಳ ಮಟ್ಟಿಗೆ ಮೂಲ ಸಂಖ್ಯೆಗೆ ಸಮ.

560 | 001. ಅಂದರೆ 1 − 560 = −559. ಋಣ ಚಿಹ್ನೆಯನ್ನು ಮರೆತುಬಿಡಿ. 559ನ್ನು 7ರಿಂದ ಭಾಗಿಸಿದರೆ ಶೇಷ 6; 11ರಿಂದ ಶೇಷ 9; 13ರಿಂದ ಶೇಷ ಇಲ್ಲ, ಏಕೆಂದರೆ 13 × 43 = 559. ಮೂರಂಕಿಯ ಲೆಕ್ಕದಲ್ಲಿ ಮೂರು ಭಾಜಕಗಳ ತೀರ್ಪು ಬಂತು: 7 ಇಲ್ಲ, 11 ಇಲ್ಲ, 13 ಇದೆ.

186667 ÷ 13 = 14359.

ಇದೇ ತಂತ್ರವನ್ನು ಮಂಗಳೂರಿನ 575001ರ ಮೇಲೆ ಹಾಕಿ ನೋಡಿ. 1 − 575 = −574, ಅದು 7 × 82. ಮಂಗಳೂರಿನೊಳಗೆ ಏಳು ಕೂತಿದೆ!

ತುಂಡುಗಳನ್ನು ಕಳೆಯದೆ ಕೂಡಿದರೆ 37ರ ಪರೀಕ್ಷೆ ಆಗುತ್ತದೆ, ಏಕೆಂದರೆ 999 = 27 × 37. ನಮ್ಮದರಲ್ಲಿ 560 + 1 = 561. 37ರಿಂದ ಭಾಗಿಸಿದರೆ ಶೇಷ 6, ಇಲ್ಲ. ಈ 561 ಸುಮ್ಮನೆ ಬಂದ ಅತಿಥಿಯಲ್ಲ, ಕೊನೆಯಲ್ಲಿ ಮತ್ತೆ ಸಿಗುತ್ತದೆ.

1001ರ ಮೋಡಿ ನಮ್ಮ ನೆಲಕ್ಕೆ ಹೊಸದಲ್ಲ. ಒಂಬತ್ತನೇ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯರು ಗಣಿತಸಾರಸಂಗ್ರಹದಲ್ಲಿ ಗುಣಾಕಾರ ಕಲಿಸುವಾಗ ಹಾರದಂತೆ ಎರಡೂ ಕಡೆಯಿಂದ ಒಂದೇ ರೀತಿ ಓದಿಸಿಕೊಳ್ಳುವ ಗುಣಲಬ್ಧಗಳನ್ನು ಕೊಟ್ಟಿದ್ದಾರೆ. 27994681ನ್ನು 441ರಿಂದ ಗುಣಿಸಿ ಎನ್ನುತ್ತದೆ ಒಂದು ಲೆಕ್ಕ. ಉತ್ತರ 12345654321. ಬಿಡಿಸಿ ನೋಡಿದರೆ ಗುಟ್ಟು ಹೊರಬೀಳುತ್ತದೆ: ಅದು 111111ರ ವರ್ಗ, ಮತ್ತು 111111 ಎಂದರೆ 111 × 1001, ಅಂದರೆ 3 × 7 × 11 × 13 × 37. ಅದರಲ್ಲಿ 3 ಮತ್ತು 7ನ್ನು ಒಂದು ಕಡೆಗೆ ಇಟ್ಟು (21ರ ವರ್ಗ 441), 11, 13, 37ನ್ನು ಇನ್ನೊಂದು ಕಡೆಗೆ ಇಟ್ಟಿದ್ದಾರೆ (5291ರ ವರ್ಗ 27994681). ಹಾರ ಕಟ್ಟಿದವರಿಗೆ ದಾರ ಎಲ್ಲಿದೆಯೆಂದು ಚೆನ್ನಾಗಿ ಗೊತ್ತಿತ್ತು ಎನಿಸುತ್ತದೆ ನನಗೆ.

ಹಂತ 3: ಉಳಿದ ತುಂಡನ್ನು ಒಡೆಯುವುದು

ಈಗ ಕೈಯಲ್ಲಿರುವುದು 14359. ಬೇಸರದ ಕೆಲಸ ಇಲ್ಲೇ ಇರುವುದು, ತಪ್ಪು ಆಗುವುದೂ ಇಲ್ಲೇ.

ಮೊದಲು ಗಡಿ ಹಾಕಿ. ಒಂದು ಸಂಖ್ಯೆ ಎರಡು ಅಪವರ್ತನಗಳಾಗಿ ಒಡೆದರೆ ಚಿಕ್ಕದು ವರ್ಗಮೂಲವನ್ನು ದಾಟಲಾರದು. 120ರ ವರ್ಗ 14400, ನಮ್ಮ ಸಂಖ್ಯೆಗಿಂತ ಹೆಚ್ಚು. ಹಾಗಾಗಿ 119ರವರೆಗಿನ ಅವಿಭಾಜ್ಯಗಳು ಸಾಕು. 560001ನ್ನೇ ಇಡಿಯಾಗಿ ಹಿಡಿದು ಕೂತಿದ್ದರೆ 748ರವರೆಗೆ 132 ಅವಿಭಾಜ್ಯಗಳು ಬೇಕಾಗುತ್ತಿದ್ದವು. 3 ಮತ್ತು 13 ಸಿಕ್ಕ ಕೂಡಲೇ ಅವುಗಳನ್ನು ಹೊರಗೆ ಹಾಕಿದ್ದರಿಂದ ಗಡಿ ಇಷ್ಟು ಹತ್ತಿರ ಬಂತು. ಸಿಕ್ಕಿದ್ದನ್ನು ಆಗಲೇ ಭಾಗಿಸಿಬಿಡುವುದು ಇಡೀ ಕಸುಬಿನ ಮುಖ್ಯ ಪಾಠ.

13ನ್ನು ಮತ್ತೊಮ್ಮೆ ನೋಡಬೇಕು, ಎರಡು ಸಲ ಇರಬಹುದು. ಶೇಷ 7, ಇಲ್ಲ. ಆಮೇಲೆ ಸಾಲಾಗಿ ಬರೆದುಕೊಳ್ಳಿ, ಭಾಜಕದ ಪಕ್ಕ ಶೇಷ:

17 – 11. 19 – 14. 23 – 7. 29 – 4. 31 – 6. 37 – 3. 41 – 9. 43 – 40. 47 – 24. 53 – 49. 59 – 22. 61 – 24. 67 – 21. 71 – 17. 73 – 51. 79 – 60. 83 – 0.

ಸಿಕ್ಕಿತು. 83 × 173 = 14359.

ನಾನು ಮೊದಲ ಸಲ ಇದನ್ನು ಮಾಡಿದಾಗ 79ರವರೆಗೆ ಬಂದು, ಸಾಕಾಗಿ, ‘14359 ಅವಿಭಾಜ್ಯ’ ಎಂದು ಬರೆದು ಪುಸ್ತಕ ಮುಚ್ಚಿದ್ದೆ. ಎರಡು ದಿನ ಅದೇ ನಂಬಿಕೆಯಲ್ಲಿದ್ದೆ. ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ ಸಿಗುತ್ತಿತ್ತು. ಅಂದಿನಿಂದ, ಗಡಿಯ ಸಂಖ್ಯೆಯನ್ನು ಹಾಳೆಯ ತಲೆಯ ಮೇಲೆ ದಪ್ಪಗೆ ಬರೆದುಕೊಳ್ಳದೆ ನಾನು ಶುರು ಮಾಡುವುದಿಲ್ಲ.

173 ಅವಿಭಾಜ್ಯವೇ ಎಂದು ಬೇರೆ ಪರೀಕ್ಷಿಸಬೇಕಾಗಿಲ್ಲ. ಅದು ಒಡೆಯುವಂತಿದ್ದರೆ ಅದರ ಚಿಕ್ಕ ತುಂಡು 14ರೊಳಗೆ ಇರಬೇಕಿತ್ತು. ಅಂಥದ್ದು 14359ನ್ನೂ ಭಾಗಿಸುತ್ತಿತ್ತು. ನಾವು ಆಗಲೇ ಹಿಡಿದಿರುತ್ತಿದ್ದೆವು. ಹೀಗೆ

560001 = 3 × 13 × 83 × 173.

ಇನ್ನುಳಿದ ಹೆಚ್ಚಿನ ಗುಣಗಳೆಲ್ಲ ಈ ಒಂದು ಸಾಲಿನಿಂದ ತಾವಾಗಿ ಉದುರುತ್ತವೆ.

ಹಂತ 4: ಭಾಜಕಗಳ ಲೆಕ್ಕ

ನಾಲ್ಕು ಅವಿಭಾಜ್ಯಗಳು, ಪ್ರತಿಯೊಂದೂ ಒಂದೇ ಸಲ. ಭಾಜಕವೊಂದನ್ನು ಕಟ್ಟುವಾಗ ಪ್ರತಿ ಅವಿಭಾಜ್ಯವನ್ನು ತೆಗೆದುಕೊಳ್ಳಬಹುದು ಅಥವಾ ಬಿಡಬಹುದು. ಆದ್ದರಿಂದ 2 × 2 × 2 × 2 = 16 ಭಾಜಕಗಳು: 1, 3, 13, 39, 83, 173, 249, 519, 1079, 2249, 3237, 6747, 14359, 43077, 186667, 560001. ಜೋಡಿಗಳಲ್ಲಿ ನನಗೆ ಇಷ್ಟವಾದದ್ದು 249 × 2249, ಅಂಕಿಗಳು ಅಣ್ಣತಮ್ಮಂದಿರಂತೆ ನಿಂತಿವೆ.

ಭಾಜಕಗಳ ಮೊತ್ತಕ್ಕೆ ಪಟ್ಟಿ ಕೂಡಬೇಕಿಲ್ಲ. (1+3)(1+13)(1+83)(1+173) = 4 × 14 × 84 × 174 = 818496. ಇದರಿಂದ ಸಂಖ್ಯೆಯನ್ನೇ ಕಳೆದರೆ 258495. ತನ್ನ ಭಾಜಕಗಳ ಮೊತ್ತ (ತನ್ನನ್ನು ಬಿಟ್ಟು) ತನಗೆ ಸಮನಾದರೆ ಅದು ಪರಿಪೂರ್ಣ ಸಂಖ್ಯೆ, 6 ಮತ್ತು 28ರ ಹಾಗೆ. ಹೆಚ್ಚಾದರೆ ಸಮೃದ್ಧ, ಕಡಿಮೆಯಾದರೆ ನ್ಯೂನ. ನಮ್ಮದು ಅರ್ಧವನ್ನೂ ಮುಟ್ಟಲಿಲ್ಲ, ನ್ಯೂನ ಸಂಖ್ಯೆ.

ಅದೇ ಬೆಂಗಳೂರಿನ ಎಲೆಕ್ಟ್ರಾನಿಕ್ ಸಿಟಿಯ 560100 ನೋಡಿ. 2² × 3 × 5² × 1867. ಭಾಜಕಗಳು 36, ತನ್ನನ್ನು ಬಿಟ್ಟು ಮೊತ್ತ 1061324. ತುಂಬಿ ತುಳುಕುವ ಸಮೃದ್ಧ ಸಂಖ್ಯೆ! ಅದರಲ್ಲಿ ಆಶ್ಚರ್ಯವೇನೂ ಇಲ್ಲ, 6ನ್ನು ಮೀರಿದ 6ರ ಎಲ್ಲ ಅಪವರ್ತ್ಯಗಳೂ ಹಾಗೆಯೇ.

ಇದೇ ಎತ್ತರದಲ್ಲಿ ಗರಿಷ್ಠ ಎಷ್ಟು ಭಾಜಕ ಇರಬಹುದೆಂಬ ಕುತೂಹಲವಿದ್ದರೆ, ರಾಮಾನುಜನ್ 1915ರಲ್ಲಿ ಪ್ರಕಟಿಸಿದ ದೊಡ್ಡ ಪ್ರಬಂಧದ ವಿಷಯವೇ ಅದು: ತನಗಿಂತ ಚಿಕ್ಕ ಯಾವ ಸಂಖ್ಯೆಗೂ ಇಲ್ಲದಷ್ಟು ಭಾಜಕಗಳುಳ್ಳ ಸಂಖ್ಯೆಗಳು. ನಮ್ಮ ಕೆಳಗೆ ಹತ್ತಿರದಲ್ಲೇ ಇರುವ ಅಂಥ ಸಂಖ್ಯೆ 554400. ಅದು 2⁵ × 3² × 5² × 7 × 11, ಭಾಜಕಗಳು 216. ಆರು ಸಾವಿರ ಕೂಡ ವ್ಯತ್ಯಾಸವಿಲ್ಲದ ನೆರೆಯವನಿಗೆ 216, ನಮ್ಮವನಿಗೆ 16.

ಒಂದೇ ಅವಿಭಾಜ್ಯ ಎರಡು ಸಲ ಬಾರದ ಸಂಖ್ಯೆಗೆ ವರ್ಗಮುಕ್ತ ಎನ್ನುತ್ತಾರೆ. 560001 ವರ್ಗಮುಕ್ತ, ಅಪವರ್ತನಗಳ ಸಂಖ್ಯೆ ಸಮ (ನಾಲ್ಕು) ಆದ್ದರಿಂದ ಮೊಬಿಯಸ್ ಬೆಲೆ +1 (ವರ್ಗಮುಕ್ತವಾಗಿದ್ದು ಅವಿಭಾಜ್ಯಗಳು ಸಮವಾದರೆ +1, ಬೆಸವಾದರೆ −1, ವರ್ಗಮುಕ್ತವಲ್ಲದಿದ್ದರೆ 0 ಎಂದು ಕೊಡುವ ಗುರುತು ಇದು). ಮಂಗಳೂರಿನ 575001 ಎಂದರೆ 3 × 3 × 7 × 9127. ಒಳಗೆ 9 ಇದೆ, ಮೊಬಿಯಸ್ ಬೆಲೆ ಸೊನ್ನೆ. ಇನ್ನು 1ರಿಂದ 560001ರವರೆಗೆ ನಮ್ಮ ಸಂಖ್ಯೆಯೊಂದಿಗೆ ಯಾವ ಅಪವರ್ತನವನ್ನೂ ಹಂಚಿಕೊಳ್ಳದವು ಎಷ್ಟು? ಆಯ್ಲರ್ ಸೂತ್ರದಂತೆ ಪ್ರತಿ ಅವಿಭಾಜ್ಯದಿಂದ ಒಂದು ಕಳೆದು ಗುಣಿಸಿ: 2 × 12 × 82 × 172 = 338496.

ಹಂತ 5: ವರ್ಗಗಳ ಮೊತ್ತವಾಗಿ ಬರೆಯಲಾದೀತೇ?

748² = 559504, 749² = 561001. ನಡುವೆ ಬಿದ್ದಿರುವುದರಿಂದ ಪೂರ್ಣವರ್ಗವಲ್ಲ. ಎರಡು ವರ್ಗಗಳ ಮೊತ್ತವೇ? ಇಲ್ಲಿ ಮೊದಲ ಹಂತದಲ್ಲಿ ಗುರುತು ಹಾಕಿದ ‘ಎರಡಿಲ್ಲ’ ಕೆಲಸಕ್ಕೆ ಬರುತ್ತದೆ. ಯಾವುದೇ ವರ್ಗವನ್ನು 3ರಿಂದ ಭಾಗಿಸಿ, ಶೇಷ 0 ಅಥವಾ 1 ಮಾತ್ರ. ಎರಡು ವರ್ಗ ಕೂಡಿದಾಗ ಮೊತ್ತ 3ರಿಂದ ಭಾಗವಾಗಬೇಕಾದರೆ ಎರಡೂ ಶೇಷ 0 ಇರಲೇಬೇಕು. ಹಾಗಿದ್ದರೆ ಎರಡೂ ವರ್ಗಗಳು 9ರಿಂದ ಭಾಗವಾಗುತ್ತವೆ, ಮೊತ್ತವೂ 9ರಿಂದ ಭಾಗವಾಗುತ್ತದೆ. ಆದರೆ ನಮ್ಮ ಅಂಕಿ ಮೊತ್ತ 12. ಸಾಧ್ಯವೇ ಇಲ್ಲ. ಲಕ್ಷಗಟ್ಟಲೆ ಜೋಡಿಗಳನ್ನು ಹುಡುಕುವ ಕೆಲಸ 5+6+1 ಎಂಬ ಕೂಡುವಿಕೆಯಲ್ಲಿ ಮುಗಿದುಹೋಯಿತು. ಈ ಇಡೀ ಲೇಖನದಲ್ಲಿ ನನಗೆ ಅತಿ ಪ್ರಿಯವಾದ ಭಾಗ ಇದು.

ಮೂರು ವರ್ಗ ಸಾಕೇ? 8ರಿಂದ ಭಾಗಿಸಿದಾಗ ಶೇಷ 7 ಬರುವ ಸಂಖ್ಯೆಗಳಿಗೆ, ಮತ್ತು ಅವುಗಳನ್ನು 4, 16, 64 ಹೀಗೆ ಗುಣಿಸಿದವಕ್ಕೆ ಮಾತ್ರ ಮೂರು ಸಾಲುವುದಿಲ್ಲ. ನಮ್ಮದು ಶೇಷ 1. 746² + 59² + 2² = 556516 + 3481 + 4 = 560001.

ವರ್ಗಗಳ ವ್ಯತ್ಯಾಸವಾಗಿ ಬರೆಯುವುದು ಇನ್ನೂ ಸುಲಭ. ಭಾಜಕ ಜೋಡಿ 519 ಮತ್ತು 1079 ತೆಗೆದುಕೊಂಡು, ಮೊತ್ತದ ಅರ್ಧ 799, ವ್ಯತ್ಯಾಸದ ಅರ್ಧ 280: 799² − 280² = 560001. ಜೋಡಿಗಳು ಎಂಟು, ಹಾಗಾಗಿ ಇಂಥ ದಾರಿಗಳೂ ಎಂಟು.

ಈಗ ಮೈಸೂರಿಗೆ ಹೋಗೋಣ. 570001. ಅಂಕಿ ಮೊತ್ತ 13, ಮೂರು ಇಲ್ಲ. 1 − 570 = −569, ಅದರಲ್ಲಿ 7, 11, 13 ಯಾವುದೂ ಇಲ್ಲ. 17, 19, 23... ಹೀಗೆ 751ರವರೆಗೆ ಹೋದರೂ ಒಂದೂ ಸಿಗುವುದಿಲ್ಲ. 755ರ ವರ್ಗ 570025, ಗಡಿ ಮುಗಿಯಿತು. ಮೈಸೂರು ಅವಿಭಾಜ್ಯ! ಬೆಂಗಳೂರು ನಾಲ್ಕು ಚೂರು, ಮೈಸೂರು ಇಡಿ. (ಇದನ್ನು ಮೈಸೂರಿನ ನೆಂಟರಿಗೆ ಹೇಳಿದ್ದು ತಪ್ಪಾಯಿತು, ಮದುವೆ ಮನೆಯಲ್ಲೆಲ್ಲ ಸಾರಿದರು.) 4ರಿಂದ ಭಾಗಿಸಿದರೆ ಶೇಷ 1 ಬರುವ ಅವಿಭಾಜ್ಯಗಳನ್ನು ಎರಡು ವರ್ಗಗಳ ಮೊತ್ತವಾಗಿ ಒಂದೇ ಒಂದು ರೀತಿಯಲ್ಲಿ ಬರೆಯಬಹುದೆಂಬುದು ಫರ್ಮಾನ ಪ್ರಮೇಯ. 570001 = 425² + 624². ಹುಡುಕಲು ನನಗೆ ಒಂದು ಸಂಜೆ ಹಿಡಿಯಿತು. ಎರಡರಲ್ಲಿ ಒಂದು 5ರಿಂದ ಭಾಗವಾಗಲೇಬೇಕು, ಸಮವಾದದ್ದು 4ರಿಂದ ಭಾಗವಾಗಲೇಬೇಕು ಎಂದು ಜರಡಿ ಹಿಡಿದದ್ದರಿಂದ ಅಷ್ಟರಲ್ಲೇ ಮುಗಿಯಿತು.

ಹಂತ 6: ಅಂಕಿಗಳ ಆಟ

ಇನ್ನು ಹತ್ತರ ಬರವಣಿಗೆಗೆ ಅಂಟಿದ ಗುಣಗಳು. ಇವನ್ನು ಕಡೆಗಣಿಸುವ ಗಣಿತಜ್ಞರಿದ್ದಾರೆ. ನಾಸಿಕ್ ಬಳಿಯ ದೇವಳಾಲಿಯ ಶಾಲಾ ಮೇಷ್ಟ್ರು ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ತಮ್ಮ ಜೀವಮಾನವನ್ನೇ ಇದಕ್ಕೆ ಕೊಟ್ಟರು, ನಾನು ಅವರ ಪಕ್ಷ.

ಅವರು ಕೊಟ್ಟ ಹೆಸರುಗಳಲ್ಲಿ ಹರ್ಷದ ಸಂಖ್ಯೆ ಒಂದು: ತನ್ನ ಅಂಕಿಗಳ ಮೊತ್ತದಿಂದ ತಾನೇ ನಿಶ್ಶೇಷವಾಗಿ ಭಾಗವಾಗುವುದು. 560001ರ ಅಂಕಿ ಮೊತ್ತ 12, ಸಂಖ್ಯೆ ಬೆಸ. ಹರ್ಷ ಇಲ್ಲ. ಎಲೆಕ್ಟ್ರಾನಿಕ್ ಸಿಟಿಯ ಅಂಕಿ ಮೊತ್ತವೂ 12, ಮತ್ತು 560100 ÷ 12 = 46675. ಟ್ರಾಫಿಕ್ ಏನೇ ಇರಲಿ, ಹರ್ಷದ.

ಅವರದೇ ಇನ್ನೊಂದು, ಸ್ವಯಂಭೂ ಸಂಖ್ಯೆ. ಯಾವುದಾದರೂ ಸಂಖ್ಯೆಗೆ ಅದರ ಅಂಕಿಗಳ ಮೊತ್ತ ಕೂಡಿದರೆ ಹೊಸ ಸಂಖ್ಯೆ ಹುಟ್ಟುತ್ತದೆ. ಹೀಗೆ ಯಾರಿಂದಲೂ ಹುಟ್ಟದವು ಸ್ವಯಂಭೂ. ನಮ್ಮದಕ್ಕೆ ಹೆತ್ತವರು ಇದ್ದಾರೆಯೇ? 9ರ ಶೇಷದ ಲೆಕ್ಕ ಹಾಕಿ: 560001ರ ಶೇಷ 3. ಸಂಖ್ಯೆಗೂ ಅದರ ಅಂಕಿ ಮೊತ್ತಕ್ಕೂ 9ರಿಂದ ಒಂದೇ ಶೇಷ. ಎರಡನ್ನೂ ಕೂಡಿ 3 ಬರಬೇಕಾದರೆ ಹೆತ್ತವರ ಶೇಷ 6 ಇರಬೇಕು. ಕೆಳಗೆ ಇಳಿಯುತ್ತಾ ಬಂದರೆ ಅಂಥವು 559995, 559986, 559977, 559968, 559959. ವಿಚಿತ್ರವೆಂದರೆ ಐದರ ಅಂಕಿ ಮೊತ್ತವೂ 42! ಹಾಗಾದರೆ 560001ಕ್ಕಿಂತ ಸರಿಯಾಗಿ 42 ಕಡಿಮೆ ಇರುವುದೇ ಹೆತ್ತವರು. ಅದು 559959. ಇನ್ನೂ ಕೆಳಗಿನವು ಅಂತರ ತುಂಬಲಾರವು. ನಮ್ಮ ಸಂಖ್ಯೆ ಸ್ವಯಂಭೂ ಅಲ್ಲ, ಒಂಟಿ ಪೋಷಕರ ಮಗು.

ಉಳಿದವನ್ನು ಬೇಗ ಮುಗಿಸುತ್ತೇನೆ. ಅಂಕಿಗಳ ವರ್ಗ ಕೂಡುತ್ತಾ ಹೋದರೆ 62, 40, 16, 37, 58, 89, 145, 42, 20, 4, ಮತ್ತೆ 16. ಗಾಣದ ಎತ್ತಿನಂತೆ ಸುತ್ತುತ್ತದೆ, 1ಕ್ಕೆ ಬಂದು ನಿಲ್ಲದು, ಹಾಗಾಗಿ ‘ಸಂತೋಷದ ಸಂಖ್ಯೆ’ಗಳ ಗುಂಪಿಗೆ ಸೇರದು. ಸಂಖ್ಯೆಯ ಅಂಕಿ ಮೊತ್ತವೂ ಅದರ ಅವಿಭಾಜ್ಯ ಅಪವರ್ತನಗಳ ಅಂಕಿ ಮೊತ್ತವೂ ಒಂದೇ ಆದರೆ ಸ್ಮಿತ್ ಸಂಖ್ಯೆ. ಆಲ್ಬರ್ಟ್ ವಿಲಾನ್‌ಸ್ಕಿ ಎಂಬ ಅಮೆರಿಕದ ಗಣಿತಜ್ಞ 1982ರಲ್ಲಿ ಬಂಧುವೊಬ್ಬರ ಫೋನ್ ನಂಬರಿನಲ್ಲಿ ಈ ಗುಣ ಕಂಡು ಅವರ ಹೆಸರನ್ನೇ ಇಟ್ಟರು. ಪಿನ್‌ಕೋಡ್ ಬಿಡಿಸುವ ನನಗೆ ಅದೊಂದು ಸಮಾಧಾನ. ನಮ್ಮದರಲ್ಲಿ 12 ಎದುರು 29, ಸ್ಮಿತ್ ಅಲ್ಲ. ದ್ವಿಮಾನದಲ್ಲಿ 10001000101110000001, ಇಪ್ಪತ್ತು ಸ್ಥಾನ, ಏಳು ಒಂದುಗಳು.

ಒಂದು ಗುಣ ಮಾತ್ರ ಎರಡು ದೋಣಿಯಲ್ಲೂ ಕಾಲಿಡುತ್ತದೆ. 1 ÷ 560001 ಮಾಡಿದರೆ ದಶಮಾಂಶ ಎಷ್ಟು ಸ್ಥಾನದ ನಂತರ ಮರುಕಳಿಸುತ್ತದೆ? ಪ್ರತಿ ಅವಿಭಾಜ್ಯದ ಆವರ್ತ ತಿಳಿದರೆ ಸಾಕು: 3ಕ್ಕೆ 1, 13ಕ್ಕೆ 6, 83ಕ್ಕೆ 41, 173ಕ್ಕೆ 43. ಇವುಗಳ ಲಸಾಅ 10578. ಅಷ್ಟು ಅಂಕಿ ಬರೆದ ಮೇಲೆ ಅದೇ ಸಾಲು ಮತ್ತೆ.

ಹಂತ 7: ತಾಳೆ ನೋಡುವುದು, ಮತ್ತು ಇನ್ನೂ ದೊಡ್ಡವು

ಅಪವರ್ತನಗಳನ್ನು ತಿರುಗಿ ಗುಣಿಸಿ: 39 × 14359 = 560001. ಭಾಜಕಗಳ ಪಟ್ಟಿಯನ್ನು ಒಮ್ಮೆ ನಿಜವಾಗಿ ಕೂಡಿ, 818496 ಬರಬೇಕು. ಲಿನಕ್ಸ್ ಇರುವ ಕಂಪ್ಯೂಟರಿನಲ್ಲಿ ಫ್ಯಾಕ್ಟರ್ ಎಂಬ ಕಮಾಂಡಿಗೆ ಸಂಖ್ಯೆ ಕೊಟ್ಟರೆ ಉತ್ತರ ಕಣ್ಣು ಮಿಟುಕಿಸುವುದರೊಳಗೆ ಬರುತ್ತದೆ. ಕೊನೆಗೆ ಮಾತ್ರ ಬಳಸಿ.

ಇಪ್ಪತ್ತು ಮೂವತ್ತು ಅಂಕಿ ದಾಟಿದರೆ ಒಂದೊಂದಾಗಿ ಭಾಗಿಸುವ ದಾರಿ ಸಾಗದು. ಆಗ ಒಡೆಯದೆಯೇ ‘ಅವಿಭಾಜ್ಯವೇ’ ಎಂದು ಕೇಳುವ ಪರೀಕ್ಷೆಗಳಿವೆ. ಫರ್ಮಾನದು ಹಳೆಯದು: 2ರ ಘಾತವನ್ನು ಸಂಖ್ಯೆಗಿಂತ ಒಂದು ಕಡಿಮೆ ತೆಗೆದುಕೊಂಡು ಆ ಸಂಖ್ಯೆಯಿಂದಲೇ ಭಾಗಿಸಿದರೆ, ಬೆಸ ಅವಿಭಾಜ್ಯಕ್ಕೆ ಶೇಷ 1 ಬರಲೇಬೇಕು. ಮೈಸೂರಿನ 570001 ಇದರಲ್ಲಿ ತೇರ್ಗಡೆ. ಆದರೆ ತೇರ್ಗಡೆಯಾದದ್ದೆಲ್ಲ ಅವಿಭಾಜ್ಯವಲ್ಲ. ಎರಡನೇ ಹಂತದಲ್ಲಿ ಸಿಕ್ಕ ನಮ್ಮ ಅತಿಥಿ 561 ನೆನಪಿದೆಯಲ್ಲ? ಅದು 3 × 11 × 17, ಆದರೂ ಈ ಪರೀಕ್ಷೆಯನ್ನು ವಂಚಿಸುತ್ತದೆ. 2ರ ಜಾಗದಲ್ಲಿ ತನ್ನೊಂದಿಗೆ ಅಪವರ್ತನ ಹಂಚಿಕೊಳ್ಳದ ಯಾವ ಸಂಖ್ಯೆಯನ್ನಿಟ್ಟರೂ ವಂಚಿಸುವವು ಕಾರ್ಮೈಕಲ್ ಸಂಖ್ಯೆಗಳು, ಅವುಗಳಲ್ಲಿ ಅತಿ ಚಿಕ್ಕದು ಅದೇ. ಮೋಸಕ್ಕೆ ಎಡೆಯಿಲ್ಲದ, ಬೇಗನೆ ಮುಗಿಯುವುದೆಂದು ಸಾಧಿಸಬಲ್ಲ ವಿಧಾನವನ್ನು 2002ರಲ್ಲಿ ಕಾನ್ಪುರ ಐಐಟಿಯ ಅಗ್ರವಾಲ್, ಕಯಾಲ್, ಸಕ್ಸೇನಾ ಕೊಟ್ಟರು. ಒಡೆಯುವುದು ಮಾತ್ರ ಈಗಲೂ ಕಷ್ಟ. 1977ರಲ್ಲಿ ಸವಾಲಾಗಿ ಕೊಟ್ಟ 129 ಅಂಕಿಯ ಸಂಖ್ಯೆಯೊಂದನ್ನು ಒಡೆದದ್ದು 1994ರಲ್ಲಿ.

ಧಾರವಾಡದ 580001ನ್ನು ಬೇಕೆಂದೇ ಮುಟ್ಟಿಲ್ಲ. ಅಂಕಿ ಮೊತ್ತ 14, ಮೂರು ಇಲ್ಲ. 1 − 580 = −579, ಅಂದರೆ 3 × 193; 7, 11, 13 ಮೂರೂ ಇಲ್ಲ. ಗಡಿ 761. ಹಾಳೆಯ ತಲೆಯ ಮೇಲೆ ದಪ್ಪಗೆ ಬರೆದುಕೊಂಡು 17ರಿಂದ ಶುರು ಮಾಡಿ.